ಮುಳ್ಳು

ಗಿಮ್ಲಿ ಊರಲ್ಲಿ ಜನವರಿಯ ಮಂಗಳವಾರ. ಮೈನಸ್ ಮೂವತ್ತೊಂದು.
ಆಸ್ಪತ್ರೆ ಅಡುಗೆಮನೆಯ ಹಿಂಬಾಗಿಲಿಂದ
ಹದಿನಾಲ್ಕು ಡಬ್ಬಿ ಹೊತ್ತು ತಂದು ಕಾರಿಗಿಡುತ್ತೇನೆ.
ಕಂಬಳಿ ಹೊದ್ದು, ಒಂದಕ್ಕೊಂದು ಒತ್ತಿ ಕೂತಿವೆ
ಶಾಲೆಗೆ ಹೊರಟ ಮಕ್ಕಳ ಹಾಗೆ.

ನನಗೂ ಎಪ್ಪತ್ತೈದು.
ಪಟ್ಟಿಯಲ್ಲಿ ನನಗಿಂತ ಚಿಕ್ಕವರು ಇಬ್ಬರಿದ್ದಾರೆ.
ಅದನ್ನು ಅವರಿಗೆ ಹೇಳಿಲ್ಲ.

ಪರಾಸ್ಕಾಗೆ ಉಪ್ಪು ಕಡಿಮೆ.
ಬಾಗಿಲು ತೆಗೆದವಳೇ ಮುಚ್ಚಳ ಎತ್ತಿ
"ಬೀಟ್‌ರೂಟನ್ನು ಹೀಗೆ ಕೊಲ್ಲುತ್ತಾರೇನೇ?" ಅಂತ ಬೈದು
ನಿನ್ನೆಯ ಡಬ್ಬಿ ತೊಳೆದು ಕೊಡುತ್ತಾಳೆ.
ನಿನ್ನೆಯೂ ಬೀಟ್‌ರೂಟೇ. ಚೂರೂ ಬಿಟ್ಟಿಲ್ಲ.

ನಿಯಮ ಒಂದೇ: ಹೊಸ್ತಿಲಲ್ಲಿಟ್ಟು ಹೋಗುವಂತಿಲ್ಲ,
ಮುಖ ನೋಡಿ ಕೊಡಬೇಕು.
ಕದ ತಟ್ಟಿ, ಒಳಗೆ ಚಪ್ಪಲಿ ಎಳೆಯುವ ಸದ್ದು ಕೇಳುವ ತನಕ
ಬಿಸಿ ಡಬ್ಬಿಯನ್ನು ಎದೆಗವಚಿ ನಿಲ್ಲುವುದಿದೆಯಲ್ಲ,
ಆ ಅರ್ಧ ನಿಮಿಷಕ್ಕೆ ಹೆಸರಿಲ್ಲ.

ಕೊನೆಯ ಮನೆ ಇಂಗಿಮಾರನದು.
ಐವತ್ತು ಚಳಿಗಾಲ ಈ ಸರೋವರದ ಗಡ್ಡೆ ಕೊರೆದು
ಬಲೆ ಇಳಿಸಿದವನು.
ಈಗ ಮಂಗಳವಾರಕ್ಕೊಮ್ಮೆ ಅವನ ಡಬ್ಬಿಯಲ್ಲಿ
ಎಲ್ಲಿಯದೋ ಸಮುದ್ರದ, ಚೌಕಾಕಾರದ ಬಿಳಿ ಮೀನು.
ಫೋರ್ಕಿನಿಂದ ಮಗುಚಿ ನೋಡಿ ಕೇಳುತ್ತಾನೆ:
"ಇದಕ್ಕೆ ತಲೆ ಯಾವ ಕಡೆಗಿತ್ತು?"
ತೂಕ ಇಳಿಯುತ್ತಿದೆ ಅಂತ ನರ್ಸ್ ಬರೆದಿದ್ದಾಳೆ.

ಇವತ್ತು ನಾನೊಂದು ತಪ್ಪು ಮಾಡಿದೆ.
ಬಲೆ ಎಳೆಯುವ ಹುಡುಗನಿಂದ ಒಂದು ಪಿಕರೆಲ್ ಕೊಂಡು
ಮನೆಯಲ್ಲೇ ಬೆಣ್ಣೆ ಹಾಕಿ ಹುರಿದು
ಚೌಕದ ಜಾಗದಲ್ಲಿಟ್ಟೆ.
ಚೌಕವನ್ನು ಕಾರಿನಲ್ಲಿ ಕೂತು ನಾನೇ ತಿಂದೆ,
ಅಷ್ಟೇನೂ ಕೆಟ್ಟಿರಲಿಲ್ಲ.
ಪಿಕರೆಲ್‌ನ ಮುಳ್ಳೆಲ್ಲ ತೆಗೆದೆನೆಂದೇ ಅಂದುಕೊಂಡಿದ್ದೆ.

ಅವನು ತಿಂದ.
ನಡುವೆ ತಟ್ಟನೆ ನಿಲ್ಲಿಸಿದ.
ನನ್ನ ಜೀವ ಬಾಯಿಗೆ ಬಂತು.
ನಾಲಗೆ ಒಳಗೆಲ್ಲೋ ಹುಡುಕಿ, ತಿರುವಿ, ತುಟಿಗೆ ತಂದದ್ದನ್ನು
ಎರಡು ಬೆರಳಲ್ಲಿ ಎಳೆದು ಕಿಟಕಿಯ ಬೆಳಕಿಗೆ ಹಿಡಿದ:
ಕೂದಲೆಳೆಯಂಥ ಮುಳ್ಳು.

"ಹೆಕ್ಲಾ ದ್ವೀಪದಾಚೆಯದು" ಅಂದ.
"ಅಲ್ಲಿ ನೀರು ಆಳ."
ಮುಳ್ಳು ನೋಡಿದರೆ ಅಷ್ಟೆಲ್ಲ ತಿಳಿಯುತ್ತದೋ ಇಲ್ಲವೋ,
ನಾನು ಕೇಳಲಿಲ್ಲ.
ಅದನ್ನು ತಟ್ಟೆಯ ಅಂಚಿಗಿಟ್ಟು
ಮತ್ತೆ ಉಣ್ಣತೊಡಗಿದ, ನಿಧಾನ,
ಇನ್ನೊಂದು ಸಿಕ್ಕೀತೆಂಬ ಆಸೆಯಲ್ಲಿ.
ನಾನು ಕೋಟು ಬಿಚ್ಚಿ ಕೂತೆ.

ಸಂಜೆ ಫಾರಂ ತುಂಬುವಾಗ
'ಊಟ ಮಾಡಿದರೇ?' ಎಂಬಲ್ಲಿ ಗುರುತು ಹಾಕಿದೆ.
ಷರಾ ಖಾಲಿ ಬಿಟ್ಟೆ.
ನಾಳೆ ಬುಧವಾರ, ಕೋಳಿ.