ಒಂದ ಬೆರಳು

ನಾಕು ದಿನದ ಜಡಿಮಳಿ. ಐದನೇ ರಾತ್ರಿ
ಮೂರನೇ ಜಂತಿ ಕಟಕ್ಕಂತು,
ಹಲ್ಲಾಗ ಹುರಿಗಡಲಿ ಮುರಿದಷ್ಟ ಸಪ್ಪಳ.
ಎಲ್ಲಾರೂ ಎದ್ದ ಕುಂತ್ವಿ. ಯಾರೂ ಮಾತಾಡಲಿಲ್ಲ,
ಮಾತಿನ ಭಾರಾನೂ ಅದರ ಮ್ಯಾಲ ಬಿದ್ದೀತಂತ.

ಬೆಳಕ ಹರಿಯೂದಕ್ಕ ಮೂಲಿಮನಿ ರಾಜೇಸಾಬ ಬಂದ.
ಕೋಲಿನ ತುದಿಲೆ ಒಂದೊಂದ ಜಂತಿ ತಟ್ಟಿ
ಕಲ್ಲಂಗಡಿ ಆರಿಸಾವ್ರಂಗ ಕಿವಿ ಕೊಟ್ಟ.
"ಕಟಿಗಿ ತಪ್ಪಲ್ಲವ್ವಾ ಇದು. ಹೇರಿದವರದು."

ಖರೆ ಮಾತು. ಗುಳೇದಗುಡ್ಡದಾಗ ಮಾಳಗಿ ಇದ್ದಾವ್ರೆಲ್ಲಾ
ಸೋರಿದಲ್ಲೆ ಒಂದ ಬುಟ್ಟಿ ಬಿಳಿಮಣ್ಣ ಹಾಕಾವ್ರ.
ಮಾವ ಹಾಕಿದ್ರು, ಅವರಪ್ಪ ಹಾಕಿದ್ರು,
ನಾ ಬಂದು ಹದಿನಾರು ಮಳಿಗಾಲ ನಾನೂ ಹಾಕೀನಿ.
ಸೋರೂದಕ್ಕ ಮಣ್ಣು, ಎಲ್ಲಾರಿಗೂ ಗೊತ್ತಿತ್ತು.
ಭಾರಕ್ಕೇನು, ಯಾರೂ ಹೇಳಿರಲಿಲ್ಲ.

ಮಳಿ ಒಂದ ಹೊತ್ತು ಬಿಡತು.
ನಾನು, ನಾದಿನಿ ಗುರುಸಂಗವ್ವ ನಿಚ್ಚಣಿಕಿ ಹತ್ತಿದ್ವಿ.
"ನಡಬರಕ ನಿಂದರಬ್ಯಾಡ್ರಿ! ಗ್ವಾಡಿ ಹಿಡದ ಬರ್ರಿ!
ಎರಡೂ ಕಡೆ ಸಮಾ ತಗೀರಿ!"
ಕೆಳಗ ನಿಂತ ರಾಜೇಸಾಬ ಒದರಿದ್ದ ಒದರಿದ್ದು.
ತೊಯ್ದ ಮಣ್ಣು ಸಲಿಕಿ ಬಿಡೂದಿಲ್ಲ.
ಒಂದೊಂದ ಹೆಂಟಿ ನಿದ್ದಿಹತ್ತಿದ ಕೂಸಿನಷ್ಟ ಒಜ್ಜಿ.

ಮ್ಯಾಲ ಗರಿಕಿ, ಉತ್ರಾಣಿ. ಅದರ ಕೆಳಗ ಹ್ವಾದ ವರ್ಷ.
ಅದರ ಕೆಳಗ ಕರ್ರಗ ಒಂದ ಪದರ,
ಲಾಕ್‌ಡೌನಿನಾಗ ಮಣ್ಣಿಗೂ ರೊಕ್ಕಿಲ್ಲಂತ
ಒಲಿಬೂದಿ ಕಲಿಸಿ ಬಡದಿದ್ದು.
ಒಂದ ಗೋಲಿ. ಒಂದ ಮುರುಕ ಲಾಳಿ.
ಗುರುಸಂಗವ್ವಗ ಹಸರ ಬಳಿಚೂರ ಸಿಕ್ತು.
ಒರಸಿ ನೋಡಿದ್ಲು, ಯಾರದಂತ ಅನಲಿಲ್ಲ,
ಸೆರಗಿನ ತುದಿಗೆ ಗಂಟ ಹಾಕ್ಕೊಂಡ್ಲು.

ಬುಟ್ಟಿ ಎಣಸಾಕ ಕುಂತ ಹುಡುಗ ಪ್ರಭು
ನೂರಾ ಎಂಬತ್ತಕ್ಕ ಮರ್ತು ಮತ್ತ ಒಂದ ಅಂದ.
ಎದರಮನಿ ಶಂಕ್ರವ್ವ ಬಾಗಲ್ದಾಗ ನಿಂತು
"ನಮ್ಮ ಕಟ್ಟಿ ಮುಂದ ಗುಡ್ಡಾ ಎಬ್ಬಿಸಿದ್ರಲ್ಲಾ!" ಅಂತ ಬೈದ್ಲು,
ಸಂಜಿಕ ಅದ ಗುಡ್ಡದಾಗಿಂದ ನಾಕ ಬುಟ್ಟಿ
ತನ್ನ ಮಾಳಗಿಗೆ ಹೊತ್ಳು.

ಒಂದ ಗೇಣ ಬಿಟ್ಟು ಸಾಕಂದ ರಾಜೇಸಾಬ.

ಕೈಕಾಲ ತೊಳಕೊಂಡು ನಾ ಮಗ್ಗದ ಕುಣಿಗಿಳದೆ.
ಹಾಸಿಗೆ ಹೊಚ್ಚಿದ ಪ್ಲಾಸ್ಟಿಕ್ ತಗದೆ,
ಕಾಲಮಣಿ ತುಳದೆ, ಲಾಳಿ ಒಗದೆ,
ಹಲಗಿ ಜಗ್ಗಿದ್ರ ಬಡಿಯೂವಲ್ಲೆ ಬಡಿಲಿಲ್ಲ.
ಜಂತಿಗೆ ಕಟ್ಟಿದ ಹಗ್ಗದಾಗ ತೂಗೂ ಹಲಗಿ
ಒಂದ ಬೆರಳ ಮ್ಯಾಲ ನಿಂತಿತ್ತು.
ಗಂಟ ನೋಡಿದೆ, ಯಾರೂ ಮುಟ್ಟಿರಲಿಲ್ಲ.
ಬೆರಳ ಇಟ್ಟ ಎರಡ ಸಲ ಅಳದೆ.
ಎದ್ದದ್ದು ಜಂತಿ.

ಬಾಗೂದು ಅದರ ಹುಟ್ಟಗುಣ ಅಂದ್ಕೊಂಡಿದ್ವಿ.
ಆ ಬಾಗಿಗೇ ಹಗ್ಗದ ಅಳತಿ ಹಿಡದು
ಎಷ್ಟ ಖಣದ ಮ್ಯಾಲ ಎಷ್ಟ ಚಿಕ್ಕಿ ನೇದೆನೋ.

ಗಂಟ ಬಿಚ್ಚಿ ಒಂದ ಬೆರಳ ಸಡಲಬಿಟ್ಟೆ.
ಹೊರಗ ಹನಿ ಸುರುವಾತು.
ಗುರುಸಂಗವ್ವ ಇನ್ನೂ ಮ್ಯಾಲ ಮಣ್ಣ ತುಳೀತಿದ್ಲು.
ಆಕಿ ಹೆಜ್ಜಿ ಸಪ್ಪಳ ಈ ಮನ್ಯಾಗ
ಮೊದಲನೇ ಸಲ ಕೇಳಿದೆ.