ಬಾಗಿದ ಅಟ್ಟೆ

ಮಾರ್ಚ್ ಕೊನೆಯ ವಾರ. ಈರಿ ಸರೋವರದ ಅಂಚಿಗೆ
ಮಂಜುಗಡ್ಡೆ ಇನ್ನೂ ಹಲ್ಲು ಕಡಿಯುತ್ತ ಕೂತಿತ್ತು.
ಆ ದಿನ ನನ್ನ ಚೀಲದಲ್ಲಿ ಮೂವತ್ತೊಂದು ಲಕೋಟೆ:
ಒಂದೇ ಅಳತೆ, ಒಂದೇ ಬೂದು ಬಣ್ಣ,
ಪುಟ್ಟ ಕಿಟಕಿಯಲ್ಲಿ ಇಣುಕುವ ಒಂದೊಂದು ಹೆಸರು.

ಅಂಚೆಯವಳು ಓದಬಾರದು. ಓದುವುದಿಲ್ಲ.
ಆದರೆ ಹಿಂದಿನ ದಿನ ನನಗೂ ಬಂದಿತ್ತಲ್ಲ ಅಂಥದೇ ಒಂದು,
ಒಳಗೇನಿದೆಯೆಂದು ತೆರೆಯದೆಯೇ ಗೊತ್ತು:
ಕಾಲು ತಿದ್ದುವ ಬೂಟು ಕೊಂಡವರಿಗೆ
ಕಾಲು ತಿದ್ದದೇ ಹೋದದ್ದಕ್ಕೆ
ಕಂಪನಿ ಒಲ್ಲದ ಮನಸ್ಸಿನಿಂದ ಕೊಟ್ಟ ಚೆಕ್ಕು.

ನಾನು ಕೊಂಡದ್ದು ತಂಗಿಯ ಮದುವೆಗೆ ಮೂರು ತಿಂಗಳು ಮುಂಚೆ.
ಹೊಲಿಸಿದ್ದ ಅಂಗಿ ಮಂಡಿಗೇ ಮುಗಿಯುತ್ತಿತ್ತು.
ಅಂಗಡಿಯ ಗೋಡೆಯ ಮೇಲಿದ್ದ ಹೆಂಗಸಿಗೆ ಮುಖವೇ ಇರಲಿಲ್ಲ,
ಸೊಂಟದಿಂದ ಕೆಳಗಷ್ಟೇ ಬದುಕಿದ್ದಳು.
ಹುಡುಗ ಬೂಟನ್ನು ಅಂಗೈ ಮೇಲಿಟ್ಟು ತೂಗಿ ತೋರಿಸಿದ:
'ತೊಟ್ಟಿಲಿನ ಹಾಗೆ ತಳ ಬಾಗಿದೆ ನೋಡಿ ಮೇಡಂ,
ನಿಂತವರನ್ನೂ ನಿಲ್ಲಲು ಬಿಡುವುದಿಲ್ಲ.
ಆ ಅಲುಗಾಟವೇ ಕಸರತ್ತು.'
ಆಮೇಲೆ ನನ್ನ ಕಾಲು ನೋಡಿ ತಡವರಿಸಿದ.
'ನೀವು ಓಟಗಾರ್ತಿಯೇ?'
ಅಲ್ಲಪ್ಪ, ಅಂಚೆ, ಎಂದೆ.
ಎಂದೂ ಕೊಂಡೆ.

ಕಾಲಿಗೆ ಬುದ್ಧಿ ಹೇಳುವ ಬೂಟು!
ಎರಡನೆಯ ದಿನವೇ, ಪಿಯೆಟ್ರಾಸ್ ಅಜ್ಜಿಯ ಮೆಟ್ಟಿಲ ಮೇಲೆ,
ಹಿಮದ ಎದುರು ಅದರ ಬುದ್ಧಿ ನಡೆಯಲಿಲ್ಲ.
ಬಿದ್ದೆ. ಕರೆಂಟು ಬಿಲ್ಲು, ಹರಕೆಯ ಮೇಣದಬತ್ತಿಯ ಜಾಹೀರಾತು,
ಯಾರದೋ ಮಗನ ಸೈನ್ಯದ ಕಾಗದ
ಎಲ್ಲ ಅಂಗಳದ ತುಂಬ.
ಗ್ಯಾರೇಜಿನ ಮೊಳೆಗೆ ನೇತುಹಾಕಿದೆ ಬೂಟನ್ನು.
ಮದುವೆಗೆ ಉದ್ದನೆಯ ಲಂಗ ತೊಟ್ಟೆ.

ಮೂವತ್ತೊಂದು ಮನೆ.
ಒಬ್ಬಳೇ ಅಲ್ಲವಲ್ಲ ಎಂದು ಸಮಾಧಾನವಾಯಿತೋ
ನಾಚಿಕೆ ಹೆಚ್ಚಾಯಿತೋ, ಹೇಳಲಾರೆ.
ಪಿಯೆಟ್ರಾಸ್ ಅಜ್ಜಿಗೂ ಒಂದು ಲಕೋಟೆ! ಎಂಬತ್ತೊಂದು ಅವರಿಗೆ,
ಬಾಗಿಲಿಗೆ ಬರುವುದು ನಾಲ್ಕು ಕಾಲಿನ ಊರುಗೋಲು ಹಿಡಿದು.
ಫುಟ್‌ಬಾಲ್ ಕಲಿಸುವ ಡೆಲ್ಬರ್ಟ್ ಹಾಯ್ಟ್
ಕೈಯಿಂದ ಕಸಿದು ಜೇಬಿಗಿಳಿಸಿದರು: 'ಹೆಂಡತಿಯದು.'
ಅವರ ಹೆಂಡತಿಯ ಹೆಸರಿಗೆ ಕಾಗದ ಬರುವುದು ನಿಂತು
ಏಳು ಚಳಿಗಾಲ ಕಳೆದಿವೆ. ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.
ಹೌದು ಸರ್, ಎಂದೆ.

ಕೊನೆಯದು ನಿಹಾದಾ ಹಾಜಿಚ್, ಮಹಡಿಯ ಮೇಲಿನ ಮನೆ.
ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಹತ್ತು ಗಂಟೆ ನಿಂತೇ ಇರುವವಳು.
ಚೆಕ್ಕನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮತ್ತೆ ತಿರುಗಿಸಿ,
ಏನಿದು ರೊವೀನಾ, ಎಂದಳು. ಹೇಳಿದೆ.
'ಕಾಲು ಚಂದವಾಗಲಿಲ್ಲ, ನಿಜ.
ಚಂದಕ್ಕೆ ಅಂತ ಕೊಂಡವಳೂ ಅಲ್ಲ ನಾನು.
ಆದರೆ ರಾತ್ರಿ ಹಿಮ್ಮಡಿ ಉರಿ ಕಡಿಮೆಯಿತ್ತು.
ಅಟ್ಟೆ ಸವೆದು ನೆಟ್ಟಗಾಗುವವರೆಗೂ ಹಾಕಿದೆ.
ಇದನ್ನು ವಾಪಸು ಕಳಿಸಬೇಕೇ?'

ಅಂಚೆ ಕಚೇರಿಯ ಯಾವ ನಿಯಮದಲ್ಲೂ
ಈ ಪ್ರಶ್ನೆಗೆ ಉತ್ತರವಿಲ್ಲ.
ಇಟ್ಟುಕೋ, ಎಂದೆ. ಅವಳಿಗೆ ನಂಬಿಕೆ ಬರಲಿಲ್ಲ.

ಸಂಜೆ ಕಾಲುಚೀಲ ಸುಲಿದು ಬಿಸಿನೀರಿಗೆ ಪಾದ ಇಳಿಬಿಟ್ಟೆ.
ಎಡಗಾಲಲ್ಲಿ ನೀಲಿ ನರ,
ಊರಿನ ನಕ್ಷೆಗೆ ಯಾರೋ ನದಿ ಸೇರಿಸಿದ ಹಾಗೆ.
ಬೆರಳು ಮಡಿಸಿದರೆ ಚರ್ಮದಡಿ ಮೀನಖಂಡ
ನಿಜಕ್ಕೂ ಮೀನೇ, ಒಮ್ಮೆ ಹೊರಳಿ ತಳಕ್ಕಿಳಿಯುತ್ತದೆ.
ಇಪ್ಪತ್ತೆರಡು ವರ್ಷ ಮೇವು ಹಾಕಿದ್ದೇನೆ ಅದಕ್ಕೆ,
ದಿನಕ್ಕೆ ಹನ್ನೊಂದು ಮೈಲಿ, ಭಾನುವಾರ ಬಿಟ್ಟು.
ಆ ಹುಡುಗ ತಡವರಿಸಿದ್ದು ಇದನ್ನು ಕಂಡೇ.
ನನಗೆ ಗೋಡೆಯ ಮೇಲಿನದೇ ಬೇಕಿತ್ತು.

ಆಮೇಲೆ, ಯಾಕೆಂದು ಕೇಳಬೇಡಿ,
ಗ್ಯಾರೇಜಿಗೆ ಹೋಗಿ ಮೊಳೆಯಿಂದ ಬೂಟು ಇಳಿಸಿದೆ.
ಒಳಗೊಂದು ಜೇಡ ಸಂಸಾರ ಹೂಡಿತ್ತು, ಎಬ್ಬಿಸಿ ಕಳಿಸಿದೆ.
ಬರಿಗಾಲಿಗೇ ಹಾಕಿ, ಮೇಜಿನ ಅಂಚು ಹಿಡಿದು ನಿಂತರೆ
ಹಿಂದಕ್ಕೊಮ್ಮೆ, ಮುಂದಕ್ಕೊಮ್ಮೆ
ಯಾರೋ ತೂಗುತ್ತಿರುವ ಹಾಗೆ.
ರೇಡಿಯೋದಲ್ಲಿ ನಾಳೆಯ ಹಿಮದ ಲೆಕ್ಕ ಬರುತ್ತಿತ್ತು,
ನಾಲ್ಕಿಂಚು, ಸರೋವರದ ಕಡೆ ಆರು.
ಮುಗಿಯುವವರೆಗೂ ತೂಗಿಕೊಂಡೆ.