ನಾಯಿಗಳ ವಹಿ

ಅಪ್ಪನ ಕಡೆ ಕೆಂಪು ರಟ್ಟಿನ ಒಂದು ವಹಿ ಐತಿ.
ಲೋಕಾಪುರದ ನಮ್ಮ ಹಿತ್ತಲದಾಗ ಹುಟ್ಟಿದ ಮುಧೋಳ ನಾಯಿಗಳ
ಏಳು ತಲಿಮಾರು ಅದರಾಗ, ಪೆನ್ಸಿಲ್ಲಿನಾಗ.
ಬಿಜಲಿ: ಓಟ ಚಲೋ. ಹೊಸಬರು ಮುಟ್ಟಿದರ ಸೇರೂದಿಲ್ಲ.
ಅಕಿ ಅವ್ವಗೂ ಸೇರತಿರಲಿಲ್ಲ.
ಕರಿಯ: ಗುಡುಗಿಗೆ ಅಂಜತಾನ. ಮುತ್ಯಾನ ಗುಣ.

ಮರಿ ಕಣ್ಣು ತೆರೆಯೂದರೊಳಗ ಅಪ್ಪ ಹೇಳಿಬಿಡತಾನ,
ಇದು ಹಠಮಾರಿ, ಇದು ನಾಚಿಕಿ ಬುರುಕ,
ಇದು ಹೊಚ್ಚಲಾ ದಾಟೂದಿಲ್ಲ.
ಹತ್ತರಾಗ ಏಳು ಖರೇ ಆಗತಾವ.
ಉಳಿದ ಮೂರಕ್ಕ
"ಸಾಕಿದವರ ಕೈಗುಣ" ಅಂತಾನ.

ನಾ ಆ ವಹಿಯೊಳಗಿಲ್ಲ.
ಇಪ್ಪತ್ತಾರು ವರ್ಷದ ಹಿಂದ ಬಾಗಲಕೋಟಿಯಿಂದ
ಕೆಂಪು ಬಸ್ಸಿನಾಗ, ಟಾವೆಲ್ಲಿನಾಗ ಸುತ್ತಿ
ಕಾಶವ್ವ ನನ್ನ ತಂದಳು.
ದತ್ತಕದ ಕಾಗದದಾಗ
ಹಡೆದಾಕಿ ಹೆಸರಿನ ಜಾಗಾದಾಗ ಒಂದು ಗೀಟು.

ಆದರೂ ಮಂದಿ ಅಂತಾರ,
"ಥೇಟ್ ಈರಸಂಗಪ್ಪನ ಮಗಳು ನೋಡು."
ಬಸ್ಸಿನ ಟಿಕೇಟು ಸಣ್ಣಗೆ ಮಡಚಿ
ಗಡಿಯಾರದ ಪಟ್ಟಿಗೆ ಸಿಗಸತೀನಿ, ಅವನಂಗ.
ರೊಟ್ಟಿಯ ಅಂಚು ಮೊದಲ ತಿಂತೀನಿ.
ಕೈಗಡ ಕೇಳಾಕ ಬಂದವರ ಮುಂದ
ನನಗೂ ಕೆಮ್ಮು ಬರತೈತಿ.

ಒಂದು ಮಾತ್ರ ಈ ಮನಿದಲ್ಲ.
ಸಿಟ್ಟು ಬಂದರ ನಾ ಗುನುಗತೀನಿ.
ಬೈಯೂದಿಲ್ಲ, ಭಾಂಡೆ ಒಗಿಯೂದಿಲ್ಲ,
ಹಲ್ಲು ಕಚ್ಚಿ, ಮೂಗಿನಾಗ, ಒಂದೇ ಸವನ.
ಕಾಶವ್ವನ ಸಿಟ್ಟು ಓಣಿಗೆಲ್ಲಾ ಕೇಳತೈತಿ.
ಅಪ್ಪ ಸಿಟ್ಟಾದರ
ಹೋಗಿ ನಾಯಿಗಳ ನಡುವ ಕೂಡತಾನ.
ಮೂರು ವರ್ಷದಾಕಿ ಇದ್ದಾಗಿಂದ ನಾ ಹಿಂಗಂತ.
ಯಾರೂ ಕಲಿಸಿಲ್ಲ.
ಬಿಡಿಸಾಕ ನೋಡಿದರು, ಅದಕ್ಕೂ ಗುನುಗಿದೆ.

ಮೊನ್ನೆ ಕೇಳಿದೆ,
"ಅಪ್ಪಾ, ನನ್ನ ಬಗ್ಗೆ ವಹಿಯೊಳಗ ಏನಂತ ಬರೀತಿದ್ದಿ?"
ಅವ ಮರಿಯ ಕಿವಿಯಾಗಿನ ಉಣ್ಣಿ ಕೀಳತಿದ್ದ,
ತಲಿ ಎತ್ತಲಿಲ್ಲ.
"ಗುಣ ಬರೀತಿದ್ದೆ.
ಯಾರದು ಅನ್ನೂದು ಖಾಲಿ ಬಿಡತಿದ್ದೆ."
ಉಣ್ಣಿ ಉಗುರಿನಾಗ ಒತ್ತಿ,
"ಪೆನ್ಸಿಲ್ ಯಾಕ ಹಿಡೀತೀನಿ ಮತ್ತ?" ಅಂದ.

ಬೀಳಗಿಯೊಳಗೋ, ಮಹಾಲಿಂಗಪುರದ ಸಂತಿಯೊಳಗೋ
ಈಗ ಒಬ್ಬಾಕಿ
ಉಳ್ಳಾಗಡ್ಡಿ ತೂಗವನ ತಕ್ಕಡಿ ನೋಡಕೋತ,
ಅರ್ಧಾ ಕಿಲೋ ಕಮ್ಮಿ ಬಿದ್ದದ್ದು ಗೊತ್ತಾಗಿ,
ಹಲ್ಲು ಕಚ್ಚಿ ಗುನುಗತಿರಬೇಕು.
ಬಾಜು ನಿಂತಾಕಿ ಅಂದುಕೊಳ್ಳತಿರಬೇಕು,
ಎಷ್ಟು ಖುಷಿಲೆ ಅದಾಳ, ಪಾಪ, ಇಕಿ.